ಕಾಂಕಾರ್ಡ್ ಮಾದರಿ: ರೆಕ್ಕೆ ಕೂಡಿತು, ಮೂಗಿನ ಕೆಲಸ ನಡೆದಿದೆ

1:72 ಪ್ರಮಾಣದಲ್ಲಿ ಬಾಲ್ಸಾ ಮರದಿಂದ ಕಟ್ಟುತ್ತಿರುವ ಕಾಂಕಾರ್ಡ್ ವಿಮಾನದ ಒಡಲಿಗೆ ರೆಕ್ಕೆಗಳು ಕೂಡಿವೆ. ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದ ಮೂಲ ವಿಮಾನದ ಉದ್ದ ಸುಮಾರು 62 ಮೀಟರ್, ರೆಕ್ಕೆಗಳ ಹರವು 25.6 ಮೀಟರ್ ಮಾತ್ರ. ಮಾದರಿಯಲ್ಲಿ ಇದು ಸುಮಾರು 86 ಮತ್ತು 36 ಸೆಂಟಿಮೀಟರ್ ಆಗುತ್ತದೆ.

ಹೆಚ್ಚು ಶ್ರಮ ಬೇಡಿದ್ದು ರೆಕ್ಕೆ. ನಕ್ಷೆಯಲ್ಲಿ ಚಪ್ಪಟೆಯಾಗಿ ಕಾಣುವ ಅದರ ಮುಂದಿನ ಅಂಚು ತುದಿಯತ್ತ ಸಾಗುತ್ತ ಬಾಗಿ ತಿರುಚಿಕೊಳ್ಳುವುದರಿಂದ, ಉಪ್ಪುಕಾಗದದಿಂದ ಸ್ವಲ್ಪಸ್ವಲ್ಪವೇ ಉಜ್ಜಿ ಆ ಆಕಾರ ತರಬೇಕಾಯಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ಈ ರೆಕ್ಕೆಗೆ, ಕಡಿಮೆ ವೇಗದಲ್ಲಿ ಎತ್ತುವ ಬಲ ಹೆಚ್ಚಿಸಲು ಕೆಳಕ್ಕೆ ಬಾಗುವ ಫ್ಲ್ಯಾಪ್‌ಗಳಿಲ್ಲ. ಆದ್ದರಿಂದ ಇಳಿಯುವಾಗ ವಿಮಾನವು ಮೂತಿಯನ್ನು ಬಹಳ ಮೇಲೆತ್ತಿಕೊಂಡೇ ಬರಬೇಕು. ಆಗ ಪೈಲಟ್‌ಗೆ ರನ್‌ವೇ ಕಾಣಲೆಂದು ಮೂಗನ್ನು 12.5 ಡಿಗ್ರಿ ಕೆಳಕ್ಕೆ ಬಾಗಿಸುವ ಏರ್ಪಾಡು. ಆ ಕೀಲನ್ನು ಹಿತ್ತಾಳೆಯ ಕಡ್ಡಿಯಿಂದ ಮಾಡುತ್ತಿದ್ದೇನೆ.

ಎಡ ರೆಕ್ಕೆಯ ಮೇಲ್ಹೊದಿಕೆಯನ್ನು ಬೇಕೆಂದೇ ಮುಚ್ಚಿಲ್ಲ, ಇಂಧನದ ಟ್ಯಾಂಕುಗಳು ಕಾಣಬೇಕು. ಶಬ್ದದ ವೇಗ ಮೀರುವಾಗ ರೆಕ್ಕೆಯ ಎತ್ತುವ ಬಲ ಹಿಂದಕ್ಕೆ ಸರಿಯುತ್ತದೆ; ಅದಕ್ಕೆ ಸರಿಯಾಗಿ ಇಂಧನವನ್ನು ಹಿಂಬದಿಯ ಟ್ಯಾಂಕಿಗೆ ಪಂಪ್ ಮಾಡಲಾಗುತ್ತಿತ್ತು. ತಕ್ಕಡಿಯ ತೂಕದ ಕಲ್ಲಿನಂತೆ ಇಂಧನವನ್ನೇ ಬಳಸಿದ ಈ ಜಾಣ್ಮೆಗೆ ನಾನು ಮನಸೋತಿದ್ದೇನೆ.

ಆದರೆ ಇಷ್ಟೆಲ್ಲ ಇಂಧನ ಹೊತ್ತು ಹಾರುತ್ತಿದ್ದದ್ದು ಸುಮಾರು 100 ಪ್ರಯಾಣಿಕರಿಗಾಗಿ. ಶಬ್ದದ ವೇಗ ಮೀರಿ ನೆಲದ ಮೇಲೆ ಹಾರುವಾಗ ಏಳುವ ಸ್ಫೋಟದಂಥ ಸದ್ದಿಗೆ ಹಲವು ದೇಶಗಳು ಒಪ್ಪಲಿಲ್ಲ. 1973ರ ಜನವರಿಯಲ್ಲಿ ಅಮೆರಿಕದ ವಿಮಾನ ಸಂಸ್ಥೆಗಳಾದ ಪ್ಯಾನ್ ಆಮ್ ಮತ್ತು ಟಿಡಬ್ಲ್ಯೂಎ ಖರೀದಿಯಿಂದ ಹಿಂದೆ ಸರಿದವು. ಎರಡು ವಿಮಾನಗಳನ್ನು ಕೊಳ್ಳುವ ಆಯ್ಕೆ ಕಾದಿರಿಸಿದ್ದ ಏರ್ ಇಂಡಿಯಾ ಕೂಡ ಕೊಳ್ಳಲಿಲ್ಲ. ಕಟ್ಟಿದ 20 ವಿಮಾನಗಳಲ್ಲಿ 14 ಮಾತ್ರ, 1976ರ ಜನವರಿ 21ರಿಂದ ಆರಂಭವಾದ ಪ್ರಯಾಣಿಕ ಸೇವೆಗೆ ಒದಗಿದವು.

2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ರನ್‌ವೇ ಮೇಲೆ ಬಿದ್ದಿದ್ದ ಲೋಹದ ಪಟ್ಟಿಯಿಂದ ಟೈರ್ ಸಿಡಿದು, ಅದರ ತುಂಡು ಬಡಿದು ಟ್ಯಾಂಕ್ ಒಡೆದದ್ದು ಈ ಎಡ ರೆಕ್ಕೆಯಲ್ಲೇ. ಆ ದುರಂತದಲ್ಲಿ 113 ಜನ ಮಡಿದರು. ನನ್ನ ಮಾದರಿಯು ಅನಂತರದ ರೂಪದ್ದು: ಟ್ಯಾಂಕಿನ ಒಳಗೆ ಕೆವ್ಲಾರ್ ಎಂಬ ಗಟ್ಟಿ ನಾರಿನ ಹೊದಿಕೆಯನ್ನು ಹಳದಿ ಕಾಗದದಿಂದ ತೋರಿಸಿದ್ದೇನೆ. 2001ರ ನವೆಂಬರ್‌ನಲ್ಲಿ ಸೇವೆ ಮರಳಿದರೂ, ಪ್ರಯಾಣಿಕರು ಕಡಿಮೆಯಾಗಿ ನಿರ್ವಹಣೆಯ ವೆಚ್ಚ ಏರಿದ್ದರಿಂದ 2003ರ ಅಕ್ಟೋಬರ್ 24ಕ್ಕೆ ಪ್ರಯಾಣಿಕ ಹಾರಾಟ ನಿಂತಿತು.

ಮುಂದಿನ ಕೆಲಸ ಬಿಳಿ ಬಣ್ಣ. ಹಾರಾಟದಲ್ಲಿ ಮೂಗಿನ ತುದಿ ಸುಮಾರು 127 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತಿದ್ದುದರಿಂದ ಶಾಖವನ್ನು ಹಿಮ್ಮರಳಿಸುವ ಬಿಳಿಯೇ ಬೇಕಾಗಿತ್ತು; 1996ರಲ್ಲಿ ಪೆಪ್ಸಿಯ ಜಾಹೀರಾತಿಗಾಗಿ ಒಂದು ವಿಮಾನದ ಒಡಲಿಗೆ ನೀಲಿ ಬಳಿದಾಗ, ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ, 20 ನಿಮಿಷ ಮೀರಿ ಹಾರದಂತೆ ಮಿತಿ ಹಾಕಲಾಗಿತ್ತು. ಮೊದಲು ಉಳಿದ ಮರದ ತುಂಡುಗಳ ಮೇಲೆ ಎರಡು ಬಗೆಯ ಬಿಳಿಯನ್ನು ಬಳಿದು ನೋಡುತ್ತೇನೆ.