ಮಳೆ ಬಂತು, ಸಂಡಿಗೆ ಎತ್ತಿ! ಮೊಬೈಲ್ ಕುರಿತ ಮಕ್ಕಳ ನಾಟಕ ಕಟ್ಟುವ ಬಗೆ

ಏಪ್ರಿಲ್ ಬಂತೆಂದರೆ ಊರೂರಲ್ಲಿ ಬೇಸಿಗೆ ಶಿಬಿರ. ಶಿಬಿರದ ಕೊನೆಗೊಂದು ನಾಟಕ, ಈಗೀಗ ಅದು ಮೊಬೈಲ್ ಬಗ್ಗೆಯೇ ಇರುವುದು ಹೆಚ್ಚು. ಮೊಬೈಲ್ ರಾಕ್ಷಸನ ವೇಷದಲ್ಲಿ ಬರುತ್ತದೆ, ಮಗು ದಾರಿ ತಪ್ಪುತ್ತದೆ, ಕೊನೆಗೆ ಎಲ್ಲರೂ ಸಾಲಾಗಿ ನಿಂತು "ಮೊಬೈಲ್ ಬಿಡಿ, ಗಿಡ ನೆಡಿ" ಅನ್ನುತ್ತಾರೆ. ಆ ಸಾಲು ಬರುತ್ತಿದ್ದಂತೆ ಮಕ್ಕಳ ದನಿ ಪಾಠ ಒಪ್ಪಿಸುವ ರಾಗಕ್ಕೆ ಇಳಿದುಬಿಡುತ್ತದೆ, ಏಕೆಂದರೆ ಅದು ಅವರ ಮಾತಲ್ಲ. ಬುದ್ಧಿ ಹೇಳುವ ಹೊಣೆಯನ್ನು ಮಕ್ಕಳ ತಲೆಗೆ ಕಟ್ಟಬಾರದು. ಮಳೆಯೂ ಅಜ್ಜಿಯ ಜೊತೆಗಿನ ಕೆಲಸವೂ ಎಷ್ಟು ಖುಷಿಯೆಂದು ಆಡುವ ಮಕ್ಕಳ ಮೈಗೇ ತಿಳಿಯಬೇಕು. ನಾಟಕದಿಂದ ಆಗಬೇಕಾದದ್ದು ಅದು.

ಕರೆಂಟು ಹೋಯಿತು, ಮನೆಯವರೆಲ್ಲ ಒಟ್ಟಿಗೆ ಕೂತರು ಎಂಬ ಕಥೆಯೂ ಬೇಡ. ಕರೆಂಟು ಬಂದ ಕೂಡಲೇ ಅವರೆಲ್ಲ ಮೊದಲಿನ ಜಾಗಕ್ಕೇ ಹೋಗುತ್ತಾರೆಂದು ನೋಡುವವರಿಗೆ ಗೊತ್ತು. ಇದಕ್ಕಿಂತ ಗಟ್ಟಿಯಾದ ಕಥೆ ಬೇಸಿಗೆಯ ದಿನಗಳಲ್ಲೇ ಇದೆ: ತಾರಸಿ ಮೇಲೆ ಸಂಡಿಗೆ ಒಣಗಲು ಹಾಕಿದೆ, ಮನೆಯವರೆಲ್ಲ ಮೊಬೈಲ್ ಹಿಡಿದು ಕೂತಿದ್ದಾರೆ, ಮೋಡ ಕವಿಯುತ್ತಿದೆ. ಸಂಡಿಗೆ ಹಿಂಡುವವರ ಕೈಗೆ ಹಿಟ್ಟು ಮೆತ್ತಿರುತ್ತದೆ, ಮೊಬೈಲ್ ಮುಟ್ಟಲು ಆಗುವುದೇ ಇಲ್ಲ. ಈ ಒಂದು ಸಂಗತಿ ಹತ್ತು ಸಾಲು ಮಾತಿನ ಕೆಲಸ ಮಾಡುತ್ತದೆ.

8ರಿಂದ 13 ವರ್ಷದ 20 ಮಕ್ಕಳಿಗೆ 25 ನಿಮಿಷದ ನಾಟಕ ಸಾಕು. ಏಳೆಂಟು ಮಕ್ಕಳು ಮನೆಯವರಾಗಲಿ, ಉಳಿದವರು ಮೇಳ. ಮೇಳ ಮೊದಲಿಂದ ಕೊನೆತನಕ ರಂಗದ ಮೇಲೇ ಇರಬೇಕು. ಪರದೆ ಹಿಂದೆ ಕಾಯುವ ಮಗುವಿಗೆ ನಾಟಕದ ಮೇಲೆ ಆಸಕ್ತಿ ಉಳಿಯುವುದಿಲ್ಲ, ಅಲ್ಲಿಂದಲೇ ಗದ್ದಲವೂ ಶುರು.

ಮೊಬೈಲಿಗೆ ಒಂದು ಚೌಕಟ್ಟು ಬೇಕು. ಮುಕ್ಕಾಲು ಇಂಚಿನ ಪಿವಿಸಿ ಪೈಪ್ 6 ಅಡಿಯ ಎರಡು, 3 ಅಡಿಯ ಎರಡು, ಮೂಲೆಗೆ ನಾಲ್ಕು ಎಲ್ಬೋ, ಸುತ್ತಲೂ ಕಪ್ಪು ಬಟ್ಟೆ. ಅರ್ಧ ಇಂಚಿನ ಪೈಪ್ ತಂದರೆ ಎತ್ತಿದಾಗ ಬಾಗುತ್ತದೆ. ಗಮ್ ಹಾಕಬೇಡಿ, ಬಿಚ್ಚಿದರೆ ಆಟೋದಲ್ಲಿ ಸಾಗಿಸಬಹುದು. ಇಬ್ಬರು ಅದನ್ನು ಹಿಡಿದು ನಿಲ್ಲಲಿ, ಒಳಗೆ ಮೇಳದವರು ಒಬ್ಬೊಬ್ಬರಾಗಿ ಬಂದು ಏಳೆಂಟು ಸೆಕೆಂಡಿನ ರೀಲ್ ಆಡಲಿ: ಒಬ್ಬಳ ಕುಣಿತ, ಒಬ್ಬನ ಅಡುಗೆ, ಇನ್ನೊಬ್ಬನ ಬೈಕು. ಎದುರಿಗೆ ಕೂತ ಮಗು ಬೆರಳು ಮೇಲಕ್ಕೆ ತಳ್ಳಿದರೆ, ಆಡುತ್ತಿರುವುದು ಅರ್ಧಕ್ಕೇ ನಿಂತು ಮುಂದಿನದು ಬರುತ್ತದೆ.

ತೊಡಕು ಇಲ್ಲಿಯೇ. ಈ ದೃಶ್ಯಕ್ಕೇ ಅತಿ ಹೆಚ್ಚು ಚಪ್ಪಾಳೆ ಬೀಳುತ್ತದೆ, ಮಕ್ಕಳು ಅದನ್ನು ಬೆಳೆಸುತ್ತಾ ಹೋಗುತ್ತಾರೆ, ಕೊನೆಗೆ ನಾಟಕ ಮೊಬೈಲಿನ ಜಾಹೀರಾತೇ ಆಗುತ್ತದೆ. ನಗು ಬರಲಿ, ತಡೆಯಬೇಡಿ. ಅವೇ ರೀಲುಗಳನ್ನು ಅದೇ ಕ್ರಮದಲ್ಲಿ ಮೂರು ಸುತ್ತು ಆಡಿಸಿ. ಎರಡನೆಯ ಸುತ್ತಿಗೆ ನಗು ಕಡಿಮೆಯಾಗುತ್ತದೆ, ಮೂರನೆಯದಕ್ಕೆ ಸಭೆಯೇ ಆಕಳಿಸುತ್ತದೆ. ಒಟ್ಟು ನಾಲ್ಕು ನಿಮಿಷ ದಾಟಬಾರದು.

ಮಳೆಯನ್ನು ಸ್ಪೀಕರಿನಲ್ಲಿ ಹಾಕಿಬಿಟ್ಟರೆ ಇಡೀ ನಾಟಕದ ಪ್ರಯೋಜನವೇ ಹೋಯಿತು. ರಂಗನಿರ್ದೇಶಕ ಬಿ.ವಿ. ಕಾರಂತರು ಕೈಗೆ ಸಿಕ್ಕ ದಿನಬಳಕೆಯ ವಸ್ತುಗಳಿಂದಲೇ ರಂಗಸಂಗೀತ ಹುಟ್ಟಿಸುತ್ತಿದ್ದರು, ನಮಗೆ ಬರೀ ಕೈಕಾಲು ಸಾಕು. ಮೊದಲು ಅಂಗೈಗೆ ಅಂಗೈ ಉಜ್ಜಬೇಕು, ಅದು ಗಾಳಿ. ಆಮೇಲೆ ಚಿಟಿಕೆ, ಮೊದಲ ಹನಿ. ನಂತರ ಅಂಗೈ ಮೇಲೆ ಒಂದು ಬೆರಳು, ಎರಡು, ನಾಲ್ಕು. ಬಳಿಕ ತೊಡೆ ತಟ್ಟುವುದು, ಕೊನೆಗೆ ಕಾಲು ಬಡಿಯುವುದು. ಮಳೆ ನಿಲ್ಲುವಾಗ ಇದೇ ಕ್ರಮ ಹಿಂದುಮುಂದು. ಎಲ್ಲರೂ ಒಟ್ಟಿಗೆ ಬದಲಾಯಿಸಬಾರದು. ಎಡತುದಿಯ ಮಗು ಬದಲಿಸಿದ್ದನ್ನು ಪಕ್ಕದ ಮಗು ಕೇಳಿಸಿಕೊಂಡು ಬದಲಿಸಬೇಕು, ಆಗ ಮಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು ಬಂದಂತೆ ಕೇಳುತ್ತದೆ. ಬರುವುದಕ್ಕೇ ಒಂದೂವರೆ ನಿಮಿಷ ಹಿಡಿಯಬೇಕು. ಬಿಟ್ಟರೆ ಮಕ್ಕಳು ಇಪ್ಪತ್ತೇ ಸೆಕೆಂಡಿಗೆ ಕಾಲು ಬಡಿಯಲು ಶುರುಮಾಡುತ್ತಾರೆ, ಜೋರು ಸದ್ದು ಯಾರಿಗೆ ಬೇಡ! ನಿಧಾನ ಸ್ವಭಾವದ ಒಂದು ಮಗುವನ್ನು ಎಡತುದಿಗೆ ನಿಲ್ಲಿಸಿ. ಎರಡು ದಿನ ಕಣ್ಣು ಮುಚ್ಚಿ ಅಭ್ಯಾಸ ಮಾಡಿಸಿ. ಅದಕ್ಕೂ ಮೊದಲು ಹೊರಗೆ ಮರದಡಿ ಐದು ನಿಮಿಷ ಸುಮ್ಮನೆ ಕೂರಿಸಿ, ಕೇಳಿದ ಸದ್ದುಗಳನ್ನೆಲ್ಲ ಬಾಯಲ್ಲೇ ಮಾಡಿ ತೋರಿಸಲು ಹೇಳಿ. ಕಪ್ಪೆ, ಜೀರುಂಡೆ, ಮಡಕೆಗೆ ಸುರಿಯುವ ನೀರು, ಇವೆಲ್ಲ ಮೇಳಕ್ಕೆ ಬರುವುದು ಅಲ್ಲಿಂದಲೇ.

ಸಂಡಿಗೆಗೆ ಎಂಟು ಮೊಳದ ಹಳೆ ಪಂಚೆ ಹಾಸಿ, ಬಿಳಿ ಬಟ್ಟೆಯ ತುಂಡುಗಳನ್ನು ಅದಕ್ಕೇ ಹೊಲಿದುಬಿಡಿ. ನಾಲ್ವರು ನಾಲ್ಕು ಮೂಲೆ ಎತ್ತಿ ಓಡುವಾಗ ಬಿಡಿ ತುಂಡುಗಳು ಉದುರುತ್ತವೆ. ನಿಜವಾದ ಹಿಟ್ಟು ಅಜ್ಜಿಯ ಬಟ್ಟಲಲ್ಲಿ ಒಂದು ಹಿಡಿಯಷ್ಟೇ ಇರಲಿ, ನೆಲಕ್ಕೆ ಬಿದ್ದರೆ ಮಕ್ಕಳು ಜಾರುತ್ತಾರೆ.

ಅಜ್ಜಿ ಬುದ್ಧಿಮಾತು ಹೇಳಬಾರದು, ಕೆಲಸ ಹೇಳಬೇಕು. "ಬಾ ಮಗಾ, ಈ ಸಂಡಿಗೆ ಒರಳು ಗಟ್ಟಿಯಾಗಿ ಹಿಡ್ಕೋ" ಅಂದರೆ ಸಾಕು. ಅಪ್ಪ ಅಮ್ಮನ ಕೈಯಲ್ಲೂ ಮೊಬೈಲ್ ಇರಲೇಬೇಕು. ಮಗುವಿನ ಕೈಯಲ್ಲಿ ಮಾತ್ರ ಇಟ್ಟರೆ ಅದು ಸುಳ್ಳು, ಮುಂದಿನ ಸಾಲಲ್ಲಿ ಕೂತ ಮಕ್ಕಳು ಅದನ್ನು ತಕ್ಷಣ ಹಿಡಿಯುತ್ತಾರೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಎಂದು ಭಾರತದ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ಇಂಥ ಲೆಕ್ಕ ಪೋಷಕರಿಗೆ ಕೊಡುವ ಚೀಟಿಯಲ್ಲಿರಲಿ, ಪಾತ್ರದ ಬಾಯಲ್ಲಿ ಬೇಡ.

ಬೆಳಕು ಸರಳ: ಚೌಕಟ್ಟಿಗೆ ನೀಲಿ, ತಾರಸಿಗೆ ಹಳದಿ. ಕಾಲರ್ ಮೈಕ್ ಬೇಡ, ಓಡಾಟದಲ್ಲಿ ಕರಕರ ಎನ್ನುತ್ತದೆ. ರಂಗದ ಅಂಚಿಗೆ ಎರಡು ಮೈಕ್ ಇಟ್ಟರೆ ಸಾಕು.

ಇನ್ನು ಪ್ರದರ್ಶನದ ದಿನ. ಪೋಷಕರೆಲ್ಲ ಮೊಬೈಲ್ ಎತ್ತಿ ಹಿಡಿದರೆ ಹಿಂದಿನ ಸಾಲಿಗೆ ನಾಟಕ ಕಾಣುವುದಿಲ್ಲ, ಆಡುವ ಮಗುವಿಗೆ ಅಮ್ಮನ ಮುಖವೂ ಕಾಣುವುದಿಲ್ಲ. ಶೂಟಿಂಗಿಗೆ ಒಬ್ಬರನ್ನೇ ನೇಮಿಸಿ, ಮರುದಿನ ಎಲ್ಲರಿಗೂ ವಿಡಿಯೋ ಕಳಿಸುತ್ತೇವೆಂದು ಹಿಂದಿನ ದಿನವೇ ಹೇಳಿಡಿ. ಬಾಗಿಲಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಮಳೆಯ ದೃಶ್ಯ ಬಂದಾಗ ಮೇಳದ ನಾಲ್ವರು ಸಭೆಗಿಳಿದು ಎರಡೂ ಕೈಯಲ್ಲಿ ಚಿಟಿಕೆ ಹೊಡೆಸಲಿ, ಆಗ ಉಳಿದ ಮೊಬೈಲುಗಳೂ ಜೇಬಿಗೆ ಹೋಗುತ್ತವೆ.