ಅಮ್ಮನ ಹೆಸರಿನ ಕ್ರಯಪತ್ರ, ಅಪ್ಪನ ಹೆಸರಿನ ಖಾತೆ

ದಾನಪತ್ರದ ಕರಡು ವಕೀಲರ ಮೇಜಿನ ಮೇಲಿತ್ತು. ಷೆಡ್ಯೂಲಿನಲ್ಲಿ 30×40 ಅಡಿಯ ನಿವೇಶನ, ಅದರ ಮೇಲೆ ನೆಲಮಹಡಿ, ಒಂದನೇ ಮಹಡಿ, ನಾಲ್ಕು ದಿಕ್ಕಿನ ಚಕ್ಕುಬಂದಿ, ಎಲ್ಲ ಅಚ್ಚುಕಟ್ಟಾಗಿ ಟೈಪಾಗಿತ್ತು. ಕೊಡುವವರು ಅಪ್ಪ, ವಯಸ್ಸು 64. ಪಡೆಯುವವರು ಅವರ ಎರಡನೇ ಹೆಂಡತಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮರುದಿನಕ್ಕೆ ಸಮಯವೂ ಗೊತ್ತಾಗಿತ್ತು. ಹಿಂದಿನ ರಾತ್ರಿ ಸುದ್ದಿ ತಿಳಿದ ಮಗ ಮಹಡಿ ಕೋಣೆಯ ಬೀಗ ಬದಲಾಯಿಸಿ, ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಬಂದು ಕೂತಿದ್ದ.

"ಏಳು ವರ್ಷದ ಹಿಂದೆ ಬಂದವರಿಗೆ ಇಡೀ ಮನೆ ಬರ್ಕೊಡ್ತೀರಾ ಅಪ್ಪ?"

"ಖಾತೆ ನನ್ನ ಹೆಸರಲ್ಲಿದೆ ಕಣೋ. ಕಂದಾಯ ಕಟ್ಟೋನು ನಾನು. ಯಾರಿಗೆ ಕೊಡಬೇಕೋ ಅವರಿಗೆ ಕೊಡ್ತೀನಿ."

ಚಿಕ್ಕಮ್ಮ ತಲೆ ಎತ್ತಲಿಲ್ಲ. ಆರು ವರ್ಷದ ಮಗಳು ಅವರ ಸೆರಗು ಹಿಡಿದು ನಿಂತಿತ್ತು.

ಇಂಥ ಮನೆಗಳಲ್ಲಿ ಜಗಳದ ಲೆಕ್ಕ ಶುರುವಾಗುವುದು ಮದುವೆಯ ದಿನದಿಂದ. ಅವರು ಬಂದ ಮೇಲೆ ಹೀಗಾಯಿತು, ಅವರು ಬರದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ಕಾನೂನು ಲೆಕ್ಕ ಹಿಡಿಯುವುದು ಸಾವಿನ ದಿನದಿಂದ. ಮನೆ ಯಾರ ಹೆಸರಿನಲ್ಲಿತ್ತು, ಅವರು ಯಾವತ್ತು ತೀರಿಕೊಂಡರು, ಅಂದು ಬದುಕಿದ್ದ ವಾರಸುದಾರರು ಯಾರು, ವಿಲ್ ಇತ್ತೇ? ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಅರ್ಧ ಮಾತು ತಾನಾಗಿ ನಿಲ್ಲುತ್ತದೆ.

ಉತ್ತರ ಇದ್ದದ್ದು ದೊಡ್ಡ ಮಗಳ ಬಟ್ಟೆ ಚೀಲದಲ್ಲಿ. ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಮೂಲ ಕ್ರಯಪತ್ರ. ಖರೀದಿದಾರರ ಜಾಗದಲ್ಲಿ ತಾಯಿಯ ಹೆಸರೊಂದೇ. ಕೊನೆಯ ಹಾಳೆಗಳಲ್ಲಿ ನೋಂದಣಿ ಕಚೇರಿಯವರು ಕಂಪ್ಯೂಟರಿನಲ್ಲಿ ಮುದ್ರಿಸಿದ ಕೋಷ್ಟಕ: ಒಂದು ಚೌಕದಲ್ಲಿ ಮಸುಕಾದ ಕಪ್ಪು-ಬಿಳುಪು ಫೋಟೊ, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಸಹಿ. ಆ ಹಾಳೆ ತೆರೆದಾಗ ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ತಾಯಿ ತೀರಿ ಹತ್ತು ವರ್ಷವಾಗಿತ್ತು. ವಿಲ್ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಹೆಂಗಸಿನ ಹೆಸರಿನ ಆಸ್ತಿ ಪೂರ್ತಿ ಅವಳದೇ. ವಿಲ್ ಬರೆಯದೆ ತೀರಿಕೊಂಡರೆ 15ನೇ ಕಲಂ ಪ್ರಕಾರ ಮೊದಲು ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಒಟ್ಟಿಗೆ, ಸಮವಾಗಿ ಹೋಗುತ್ತದೆ. ಹಾಗಾಗಿ ಆ ಮನೆ ಹತ್ತು ವರ್ಷದ ಹಿಂದೆಯೇ ಮೂರು ಪಾಲಾಗಿತ್ತು: ಅಪ್ಪನಿಗೆ 1/3, ಮಗನಿಗೆ 1/3, ಮಗಳಿಗೆ 1/3. ಮರುಮದುವೆ ನಡೆದದ್ದು ಅದಾದ ಮೂರು ವರ್ಷಕ್ಕೆ. ಅದರಿಂದ ಯಾರ ಪಾಲೂ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ, ಹೆಚ್ಚೂ ಆಗಿಲ್ಲ.

"ಹಾಗಾದ್ರೆ ಖಾತೆ?" ಎಂದರು ಅಪ್ಪ.

ಖಾತೆ ತೆರಿಗೆ ವಸೂಲಿಗೆ ಇರುವ ದಾಖಲೆ. ಅದು ಹಕ್ಕನ್ನು ಹುಟ್ಟಿಸುವುದಿಲ್ಲ, ಅಳಿಸುವುದೂ ಇಲ್ಲ. ತಾಯಿ ತೀರಿದಾಗ ಮಕ್ಕಳು 'ತಂದೆಯ ಹೆಸರಿಗೆ ಖಾತೆ ಮಾಡಲು ನಮ್ಮ ಆಕ್ಷೇಪಣೆ ಇಲ್ಲ' ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿ, ನೋಟರಿ ಮಾಡಿಸಿ ಕೊಟ್ಟಿದ್ದರು. ಮನೆಮನೆಯಲ್ಲೂ ಆಗುವ ತಪ್ಪು ಇದೇ. ಆ ಕಾಗದವನ್ನು ಎಲ್ಲರೂ ಹಕ್ಕು ಬಿಟ್ಟುಕೊಟ್ಟ ಪತ್ರ ಎಂದೇ ತಿಳಿದಿರುತ್ತಾರೆ. ಸ್ಥಿರಾಸ್ತಿಯ ಹಕ್ಕು ಬಿಡಬೇಕಾದರೆ ಹಕ್ಕು ಬಿಡುಗಡೆ ಪತ್ರವೇ ಆಗಬೇಕು, 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಅದು ನೋಂದಣಿಯಾಗಲೇಬೇಕು. ನೋಟರಿಯ ಮುದ್ರೆ ನೋಂದಣಿಯಲ್ಲ. ಮಕ್ಕಳು ಒಪ್ಪಿದ್ದು ಖಾತೆಗೆ, ಮನೆಗಲ್ಲ.

"ದುಡ್ಡು ಹಾಕಿದ್ದು ನಾನು" ಎಂಬ ಮಾತೂ ಬಂತು. ಬರುವುದು ಸಹಜ. ಅದನ್ನು ಹೇಳುವವರೇ ಸಾಬೀತು ಮಾಡಬೇಕು, ಬ್ಯಾಂಕಿನ ಲೆಕ್ಕ, ಸಾಲದ ಕಂತು, ಆಗಿನ ಉದ್ದೇಶ ಎಲ್ಲದರ ಸಮೇತ. ಇಪ್ಪತ್ತು ವರ್ಷದ ಹಳೆಯ ಪಾಸ್‌ಬುಕ್ ಯಾರ ಬಳಿ ಇರುತ್ತದೆ? ಕ್ರಯಪತ್ರದಲ್ಲಿ ಇರುವ ಹೆಸರಿನಿಂದಲೇ ವಿಚಾರ ಶುರುವಾಗುತ್ತದೆ.

ಆ ದಾನಪತ್ರ ಮರುದಿನ ನೋಂದಣಿಯಾಗಿಬಿಟ್ಟಿದ್ದರೆ? ಇಡೀ ಮನೆ ಎಂದು ಬರೆದಿದ್ದರೂ ಚಿಕ್ಕಮ್ಮನಿಗೆ ಸಲ್ಲುತ್ತಿದ್ದದ್ದು ಅಪ್ಪನ 1/3 ಮಾತ್ರ. ಮಿಕ್ಕದ್ದಕ್ಕಾಗಿ ಮಕ್ಕಳು ಪಾಲಿನ ದಾವೆ ಹೂಡುತ್ತಿದ್ದರು. ಮೊದಲು ತಡೆಯಾಜ್ಞೆಗೆ ಅರ್ಜಿ. ಆಮೇಲೆ ಸಾಕ್ಷ್ಯ, ಯಾರಿಗೆ ಎಷ್ಟು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಮತ್ತೆ ಅಂತಿಮ ಡಿಕ್ರಿಯ ಹಂತ, ಕೋರ್ಟ್ ಕಮಿಷನರ್ ಬಂದು ಟೇಪು ಹಿಡಿದು ಅಳೆಯುವುದು. 30×40ರ ಮನೆಯನ್ನು ಮೂರು ಭಾಗ ಮಾಡಲಾಗದು ಎಂದು ಕಮಿಷನರ್ ಬರೆದರೆ 1893ರ ವಿಭಾಗ ಕಾಯ್ದೆಯಡಿ ಮಾರಿ ಹಣ ಹಂಚುವ ಮಾತು ಬರುತ್ತದೆ. ಗೆದ್ದವರಿಗೂ ಮನೆ ಉಳಿಯುವುದಿಲ್ಲ. ದಾವೆ ನಡೆಯುವಾಗ ಮಾರಿದರೂ ಕೊಂಡವರು ತೀರ್ಪಿಗೆ ಬದ್ಧರು, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಹಾಗೆ ಹೇಳುತ್ತದೆ. ಆದ್ದರಿಂದ ಒಳ್ಳೆಯ ಬೆಲೆಗೆ ಕೊಳ್ಳುವವರು ಹತ್ತಿರ ಬರುವುದಿಲ್ಲ. ಮಗ ಹಾಕಿದ ಬೀಗವೂ ಅವನಿಗೇ ತಿರುಗುಬಾಣವಾಗುತ್ತಿತ್ತು. ಸಹಮಾಲೀಕರು ಒಬ್ಬರನ್ನೊಬ್ಬರು ಹೊರಗೆ ಹಾಕುವಂತಿಲ್ಲ, ಹೆಂಡತಿಗೆ ವಾಸದ ಮನೆಯಲ್ಲಿರುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬೇರೆಯಾಗಿಯೇ ಕೊಟ್ಟಿದೆ. ಬೀಗದ ಕೀಲಿಯನ್ನು ಮಧ್ಯಾಹ್ನಕ್ಕೆ ಮುಂಚೆ ಅವನು ಮೇಜಿನ ಮೇಲಿಟ್ಟ.

ಕ್ರಯಪತ್ರದಲ್ಲಿ ತಾಯಿಯ ಬದಲು ಅಪ್ಪನ ಹೆಸರಿದ್ದಿದ್ದರೆ ಕಥೆಯೇ ಬೇರೆ. ಸ್ವಯಾರ್ಜಿತ ಮನೆಯಾದರೆ ಬದುಕಿರುವತನಕ ಅವರು ಯಾರಿಗೆ ಬೇಕಾದರೂ ಕೊಡಬಹುದು. ಮಕ್ಕಳಿಗೆ ನೋವಾಗುತ್ತದೆ, ಹಕ್ಕಿನ ಮಾತು ಬರುವುದಿಲ್ಲ. ವಿಲ್ ಇಲ್ಲದೆ ತೀರಿಕೊಂಡರೆ ಆಗಿನ ಹೆಂಡತಿ, ಎರಡೂ ಮದುವೆಯ ಮಕ್ಕಳು, ಅಪ್ಪನ ತಾಯಿ ಬದುಕಿದ್ದರೆ ಅವರೂ, ತಲಾ ಒಂದು ಪಾಲು. ಇನ್ನು ತಾತನ ಮನೆಯಾದರೆ 'ಪಿತ್ರಾರ್ಜಿತ, ನಮಗೆ ಹುಟ್ಟಿನಿಂದ ಹಕ್ಕು' ಎಂದು ಮಕ್ಕಳು ವಾದಿಸುತ್ತಾರೆ. ತಾತನದು ಎಂಬ ಒಂದೇ ಕಾರಣಕ್ಕೆ ಅದು ಪಿತ್ರಾರ್ಜಿತವಾಗದು. ತಾತನ ಸ್ವಯಾರ್ಜಿತ ಮನೆ 1956ರ ನಂತರ ವಿಲ್ ಇಲ್ಲದೆ ಅಪ್ಪನಿಗೆ ಬಂದಿದ್ದರೆ ಅದು ಅಪ್ಪನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ನಿಜವಾದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಾತ್ರ ಮಕ್ಕಳಿಗೆ ಹುಟ್ಟಿನ ಹಕ್ಕು, 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮ. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಖಚಿತವಾಯಿತು. ಮೊದಲ ಹೆಂಡತಿ ಬದುಕಿದ್ದು, ವಿಚ್ಛೇದನವಾಗದೆ ಎರಡನೇ ಮದುವೆ ನಡೆದಿದ್ದರೆ ಎರಡನೇ ಹೆಂಡತಿಗೆ ಪಾಲಿಲ್ಲ, ಅವರ ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಉಂಟು.

ಇವೆಲ್ಲ ಹಿಂದೂ ಕುಟುಂಬದ ಲೆಕ್ಕ. ಕ್ರೈಸ್ತರಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ: ಮದುವೆಯಾದರೆ ಮೊದಲು ಬರೆದಿಟ್ಟ ವಿಲ್ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ರದ್ದಾಗುತ್ತದೆ. ಹಿಂದೂಗಳಲ್ಲಿ ರದ್ದಾಗುವುದಿಲ್ಲ. ಮೊದಲ ಮದುವೆಯ ಕಾಲದಲ್ಲಿ ಬರೆದ ಹಳೆಯ ವಿಲ್ ಎರಡನೇ ಮದುವೆಯ ನಂತರವೂ ಹಾಗೇ ಜೀವಂತವಾಗಿ ಕೂತಿರುತ್ತದೆ, ತೆಗೆದು ನೋಡದವರೇ ಹೆಚ್ಚು.

ಮಧ್ಯಾಹ್ನ ಚಿಕ್ಕಮ್ಮ ಮೊದಲ ಸಲ ಬಾಯಿ ತೆರೆದರು. "ನಂಗೆ ಇಡೀ ಮನೆ ಬೇಡ. ಇವರಿಗೇನಾದ್ರೂ ಆದ್ರೆ ಮಾರನೇ ದಿನ ಈ ಮಗೂನ ಕರ್ಕೊಂಡು ನಾನೆಲ್ಲಿಗೆ ಹೋಗ್ಲಿ, ಅದು ಹೇಳಿ ಸಾಕು."

ಎರಡನೇ ಹೆಂಡತಿಯರ ಕಡೆಯಿಂದ ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ. ಏನೂ ಬರೆಯದೆ ಅಪ್ಪ ತೀರಿಕೊಂಡರೆ ಅವರ 1/3 ನಾಲ್ಕು ಭಾಗವಾಗುತ್ತದೆ: ಚಿಕ್ಕಮ್ಮ, ಮಗ, ಮಗಳು, ಪುಟ್ಟ ಹುಡುಗಿ. ತಲಾ 1/12. ದೊಡ್ಡ ಮಕ್ಕಳಿಬ್ಬರಿಗೆ ಮೊದಲಿನ ಪಾಲೂ ಸೇರಿ ತಲಾ 5/12, ತಾಯಿ-ಮಗಳಿಗೆ ಸೇರಿ 2/12. ಹನ್ನೆರಡರಲ್ಲಿ ಎರಡು ಭಾಗದಲ್ಲಿ ಒಂದು ಮನೆಯಾಗುವುದಿಲ್ಲ. ಹುಡುಗಿಗೆ 18 ತುಂಬುವವರೆಗೆ ಅವಳ ಪಾಲನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕು, ಅಷ್ಟು ವರ್ಷ ಯಾರೂ ಏನೂ ಮಾಡಲಾಗದೆ ಗೋಡೆ ಸೋರುತ್ತಿರುತ್ತದೆ. ಅಪ್ಪ ಬದುಕಿರುವಾಗಲೇ ಕೂತು ಬಗೆಹರಿಸಿಕೊಳ್ಳಿ ಎನ್ನುವುದು ಇದಕ್ಕಾಗಿ.

ಊಟವಾದ ಮೇಲೆ ದಾನಪತ್ರದ ಕರಡನ್ನು ಪಕ್ಕಕ್ಕಿಟ್ಟು ವಿಭಾಗಪತ್ರದ ಮಾತು ಶುರುವಾಯಿತು. ನೆಲಮಹಡಿ ಅಪ್ಪನಿಗೆ, ಒಂದನೇ ಮಹಡಿ ಮತ್ತು ತಾರಸಿಯ ಹಕ್ಕು ಇಬ್ಬರು ಮಕ್ಕಳಿಗೆ. ಎರಡೂ ಭಾಗಕ್ಕೆ ಸಮ ಬೆಲೆ ಎಂದು ಹಿಡಿದರೆ ಅಪ್ಪನಿಗೆ 1/2 ಸಿಕ್ಕಂತಾಯಿತು. ಅವರ ಹಕ್ಕು 1/3. ಹೆಚ್ಚಾದ 1/6ರ ಬೆಲೆಯನ್ನು ಮಕ್ಕಳಿಗೆ ತಲಾ 1/12ರಂತೆ ಹಣದಲ್ಲಿ ಕೊಡಬೇಕು. ಬೆಲೆ ಎಷ್ಟೆಂದು ಮನೆಯವರು ಬಾಯಲ್ಲಿ ಹೇಳುವುದಲ್ಲ, ಇಬ್ಬರೂ ಒಪ್ಪುವ ಮೌಲ್ಯಮಾಪಕರಿಂದ ಬರೆಸಬೇಕು. ಚೆಕ್ ಸಂಖ್ಯೆ, ದಿನಾಂಕ, ಬ್ಯಾಂಕ್ ಪತ್ರದಲ್ಲೇ ಬರಬೇಕು. 'ನಗದಾಗಿ ಮುಟ್ಟಿದೆ' ಎಂಬ ಸಾಲು ಹತ್ತು ವರ್ಷದ ಮೇಲೆ ಮತ್ತೊಂದು ದಾವೆಯಾಗಿ ಎದುರು ನಿಲ್ಲುತ್ತದೆ.

ಮಹಡಿ ಲೆಕ್ಕದ ಪಾಲಿನಲ್ಲಿ ಜಗಳ ಹುಟ್ಟುವುದು ಗೋಡೆಯಿಂದಲ್ಲ, ನೀರಿನಿಂದ. ಸಂಪು ಕೆಳಗೆ, ಟ್ಯಾಂಕು ಮೇಲೆ. ಸಂಪಿನ ಮುಚ್ಚಳ ತೆಗೆಯಲು ಮೇಲಿನವರು ಕೆಳಗಿನವರ ಅಂಗಳಕ್ಕೆ ಬರಬೇಕು, ಟ್ಯಾಂಕು ತೊಳೆಯಲು ಕೆಳಗಿನವರು ತಾರಸಿಗೆ ಹೋಗಬೇಕು. ಮೆಟ್ಟಿಲು, ಗೇಟು, ಗಾಡಿ ನಿಲ್ಲಿಸುವ ಜಾಗ, ಮೋಟಾರಿನ ಕರೆಂಟ್ ಬಿಲ್ಲು, ಮೇಲಿನ ಬಚ್ಚಲು ಸೋರಿ ಕೆಳಗಿನ ಛಾವಣಿ ಹಾಳಾದರೆ ರಿಪೇರಿ ಯಾರದು, ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆಯಬೇಕು. ನಿವೇಶನದ ಅವಿಭಾಜ್ಯ ಹಕ್ಕು ಯಾರಿಗೆಷ್ಟು ಎಂಬುದು ಬಿಟ್ಟುಹೋದರೆ, ಕಟ್ಟಡ ಕೆಡವಿದ ದಿನ ಮಹಡಿಯವರಿಗೆ ಉಳಿಯುವುದು ಗಾಳಿ ಮಾತ್ರ.

ಅಪ್ಪನಿಗೆ ಬಂದ ನೆಲಮಹಡಿ ಮುಂದೆ ಚಿಕ್ಕಮ್ಮನಿಗೆ ಮತ್ತು ಪುಟ್ಟ ಹುಡುಗಿಗೆ ಎಂದು ವಿಲ್ ಬರೆಯುವುದು ಎಂದಾಯಿತು. ದಾನ ಬೇಡ ಎಂದದ್ದಕ್ಕೆ ಕಾರಣ ಸರಳ: ದಾನ ನೋಂದಣಿಯಾದ ಕ್ಷಣವೇ ಕೈ ಬಿಟ್ಟುಹೋಗುತ್ತದೆ, ವಿಲ್ಲನ್ನು ಕೊನೆಯವರೆಗೂ ಬದಲಾಯಿಸಬಹುದು. 60 ದಾಟಿದವರು ದಾನವನ್ನೇ ಕೊಡುವುದಾದರೆ 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತು ಪತ್ರದೊಳಗೇ ಇರಲಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ ಉಪವಿಭಾಗಾಧಿಕಾರಿಯ ಮುಂದೆ ರದ್ದತಿ ಕೇಳಬಹುದು. ಬರೆಯದ ಷರತ್ತನ್ನು ಆಮೇಲೆ ಸಾಧಿಸುವುದು ಕಷ್ಟ.

ಮಗ ಒಂದು ತಿದ್ದುಪಡಿ ಕೇಳಿದ. ಚಿಕ್ಕಮ್ಮನಿಗೆ ಬದುಕಿರುವವರೆಗೆ ವಾಸದ ಹಕ್ಕು ಮಾತ್ರ ಇರಲಿ, ಆಮೇಲೆ ಹುಡುಗಿಗೆ ಹೋಗಲಿ ಎಂದ. ಕೇಳಲು ನ್ಯಾಯವಾಗಿದೆ, ಬರೆಯುವಾಗ ತುಂಬ ಎಚ್ಚರ ಬೇಕಾದ ಜಾಗವೂ ಇದೇ. ಹೆಂಡತಿಗೆ ಮೊದಲೇ ಇರುವ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಸೀಮಿತ ಹಕ್ಕು 14ನೇ ಕಲಂ ಮೊದಲ ಉಪಕಲಂ ಪ್ರಕಾರ ಪೂರ್ಣ ಹಕ್ಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಯಾವುದು ಜೀವನಾಂಶಕ್ಕೆ ಕೊಟ್ಟದ್ದು, ಯಾವುದು ಹೊಸದಾಗಿ ಕೊಟ್ಟದ್ದು ಎಂಬ ವಾದ ಇಂಥ ದಾವೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಕೊಡುವುದನ್ನು ಪೂರ್ತಿ ಕೊಟ್ಟುಬಿಡಬೇಕು. ಅರ್ಧ ಕೊಟ್ಟು ಅರ್ಧ ಹಿಡಿದುಕೊಂಡ ವಿಲ್ ಮುಂದಿನ ತಲೆಮಾರಿಗೆ ದಾವೆಯನ್ನೇ ಬಿಟ್ಟುಹೋಗುತ್ತದೆ. ಕೊನೆಗೆ ತಾಯಿಗೂ ಮಗಳಿಗೂ ಅರ್ಧರ್ಧ, ಪೂರ್ಣ ಹಕ್ಕಿನಿಂದ ಎಂದು ಗೊತ್ತಾಯಿತು. ಸಾಕ್ಷಿಗಳು ಇಬ್ಬರು, ಅಪ್ಪನಿಗಿಂತ ಚಿಕ್ಕ ವಯಸ್ಸಿನವರು, ಪಾಲಿಲ್ಲದವರು; ಅವರಲ್ಲಿ ಒಬ್ಬರಾದರೂ ಮುಂದೆ ಕಟಕಟೆಗೆ ಬರುವಂತಿರಬೇಕು. ವಿಲ್ ನೋಂದಣಿ ಕಡ್ಡಾಯವಲ್ಲ, ಇಂಥ ಮನೆಯಲ್ಲಿ ಮಾಡಿಸುವುದೇ ಒಳ್ಳೆಯದು.

ನೋಂದಣಿಗೆ ಮುಂಚೆ ತರಬೇಕಾದವುಗಳ ಪಟ್ಟಿಯನ್ನು ಮಗಳು ಬರೆದುಕೊಂಡಳು: ತಾಯಿಯ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಖಾತೆ, ಈ ವರ್ಷದ ಕಂದಾಯ ರಸೀದಿ, ಎಲ್ಲರ ಆಧಾರ್, ಕ್ರಯವಾದ ದಿನದಿಂದ ಇಂದಿನವರೆಗೆ ಋಣಭಾರ ಪ್ರಮಾಣಪತ್ರ. ಕೊನೆಯದನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅಲ್ಲೇ ತೆಗೆದು ನೋಡಿದಾಗ ತಾಯಿ ಮಾಡಿದ್ದ ಮನೆ ಸಾಲದ ಅಡಮಾನ ಇನ್ನೂ ಹಾಗೇ ಕಾಣುತ್ತಿತ್ತು. ಸಾಲ ತೀರಿ ಎಷ್ಟೋ ವರ್ಷವಾಗಿತ್ತು, ಋಣಮುಕ್ತಿ ಪತ್ರ ಮಾತ್ರ ಯಾರೂ ನೋಂದಾಯಿಸಿರಲಿಲ್ಲ. ಬ್ಯಾಂಕಿನಿಂದ ಅದು ಬರುವವರೆಗೆ ತಡೆಯಬೇಕೆಂದಾಯಿತು. ಮರುದಿನದ ಸಮಯವನ್ನು ರದ್ದು ಮಾಡಿದರು.

ವಿಭಾಗಪತ್ರದ ಕೊನೆಯ ಷರತ್ತು ಮೂಲ ಕ್ರಯಪತ್ರ ಯಾರ ವಶದಲ್ಲಿರಬೇಕು ಎಂಬುದು. ಸಾಮಾನ್ಯವಾಗಿ ಹಿರಿಯರ ಬಳಿ ಇಟ್ಟು ಮಿಕ್ಕವರಿಗೆ ದೃಢೀಕೃತ ನಕಲು ಕೊಡುತ್ತಾರೆ. ಬ್ಯಾಂಕು, ಮಾರಾಟ, ಕೋರ್ಟು ಎಂದಾಗ ಮೂಲವನ್ನು ಹಾಜರುಪಡಿಸಬೇಕು ಎಂದು ಬರೆಯುತ್ತಾರೆ. ಅಪ್ಪ ಆ ಸಾಲನ್ನು ಓದಿ, ತಮ್ಮ ಹೆಸರನ್ನು ಪೆನ್ನಿನಿಂದ ಹೊಡೆದು, "ಇವಳ ಹತ್ರಾನೇ ಇರ್ಲಿ" ಎಂದು ಮಗಳನ್ನು ತೋರಿಸಿದರು. ಮಗಳು ಫೋಟೊ ಇದ್ದ ಹಾಳೆ ಮಡಚಿಕೊಳ್ಳದಂತೆ ಹುಷಾರಾಗಿ ಪತ್ರವನ್ನು ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದಳು. ಚೀಲದ ಬಾಯನ್ನು ಆರು ವರ್ಷದ ಹುಡುಗಿ ಹಿಡಿದುಕೊಂಡಿತ್ತು.