ಬೇರೆ ಯಾರೋ ಬಿಚ್ಚಿ ಜೋಡಿಸಿದ ಜಿಮ್ನಿ

ಮಾಮೂಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಹಳೆ ಮಾಲೀಕರು ಅದನ್ನು ಹೇಗೆ ಓಡಿಸಿದ್ದಾರೆ ಅಂತ ತಿಳಿದರೆ ಸಾಕು. ಮಾಡಿಫೈ ಮಾಡಿದ ಆಫ್‌ರೋಡ್ ಗಾಡಿಗೆ ಅಷ್ಟು ಸಾಲದು. ಅದನ್ನು ಯಾರು ಬಿಚ್ಚಿದರು, ಯಾರು ಜೋಡಿಸಿದರು, ಜೋಡಿಸುವಾಗ ಅವರಿಗೆ ಆತುರ ಇತ್ತಾ ಅನ್ನುವುದನ್ನೂ ಕೆದಕಬೇಕು. ಕಂಪನಿಯಲ್ಲಿ ಬಿಗಿದ ಬೋಲ್ಟ್ ಬಗ್ಗೆ ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೆ ಯಾರೋ ಬಿಗಿದ ಬೋಲ್ಟ್ ಕಂಡರೆ ಮಾತ್ರ ವಿಪರೀತ ಅನುಮಾನ.

ನಾನು ಹುಡುಕುತ್ತಿದ್ದದ್ದು ಮೂರನೇ ತಲೆಮಾರಿನ ಸುಜುಕಿ ಜಿಮ್ನಿ. 1998ರಲ್ಲಿ ಶುರುವಾಗಿ 2018ರಲ್ಲಿ ಹೊಸ ಮಾದರಿ ಬರುವವರೆಗೂ ತಯಾರಾದ ಗಾಡಿ. ನೋಡಲು ಪುಟ್ಟದು. ಆದರೆ ಕೆಳಗೆ ಲ್ಯಾಡರ್ ಚಾಸಿಸ್ (ಏಣಿಯಾಕಾರದ ಕಬ್ಬಿಣದ ಚೌಕಟ್ಟು), ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಡ್ಡ ದಂಡ), ಕಾಯಿಲ್ ಸ್ಪ್ರಿಂಗ್, ಕಷ್ಟದ ದಾರಿಯಲ್ಲಿ ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರ್. ಇಷ್ಟು ಚಿಕ್ಕ ಗಾಡಿಯಲ್ಲಿ ಇದೆಲ್ಲ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೇ ಜನ ಇದನ್ನು ಸುಮ್ನೆ ಬಿಡುವುದಿಲ್ಲ. ಎತ್ತರಿಸುತ್ತಾರೆ, ದೊಡ್ಡ ಟೈರ್ ಹಾಕುತ್ತಾರೆ, ಬಂಪರ್ ಕಿತ್ತು ಕಬ್ಬಿಣದ್ದು ಕೂರಿಸುತ್ತಾರೆ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ ಹುಡುಕಿದರೂ ಸಿಗಲಿಲ್ಲ. ಸರಿ, ಮಾಡಿಫೈ ಆದದ್ದನ್ನೇ ನೋಡೋಣ ಅಂತ ಹೊರಟೆ.

ಜೊತೆಗೆ ನನ್ನ ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲ. ಟಾರ್ಚ್ ಹಿಡಿಯಲು ಒಬ್ಬರು ಬೇಕಿತ್ತು, ಅಷ್ಟೇ. ಮೊದಲನೇ ಗಾಡಿಯ ಮಾಲೀಕ ಮಾತ್ರ ಎಲ್ಲವನ್ನೂ ಅವನಿಗೇ ಹೇಳಿದ. ‘ನೋಡಿ ಸರ್, ಎರಡಿಂಚು ಲಿಫ್ಟ್. ನೋಡಿ ಸರ್, ಸ್ನಾರ್ಕೆಲ್.’ ಲಿಫ್ಟ್ ಅಂದರೆ ಗಾಡಿಯನ್ನು ಎತ್ತರಿಸಿದ್ದು, ಸ್ನಾರ್ಕೆಲ್ ಅಂದರೆ ನೀರು ದಾಟುವಾಗ ಎಂಜಿನ್‌ಗೆ ಮೇಲಿನಿಂದ ಗಾಳಿ ತರುವ ಪೈಪು. ಗಾಡಿ ಕೆಳಗೆ ತೂರಿ ಮಲಗಿದ್ದ ನನಗೆ ಅವರಿಬ್ಬರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಅವನು ತಮ್ಮನ ತಲೆ ತಿನ್ನುತ್ತಿರುವಷ್ಟು ಹೊತ್ತು ನನ್ನನ್ನು ಯಾರೂ ಅವಸರ ಮಾಡಲಿಲ್ಲ.

ನೋಡಲು ಬಲು ಚೆಂದದ ಗಾಡಿ ಅದು. ಮ್ಯಾಟ್ ಹಸಿರು ಬಣ್ಣ, ಮುಂದೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಮೇಲೆ ಲೈಟ್ ಬಾರ್, 235/75 ಆರ್15 ಟೈರ್. ಈ ಟೈರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಜಿಮ್ನಿಗೆ ಕಂಪನಿ ಕೊಟ್ಟ ಅಳತೆ 205/70 ಆರ್15. ಅದರ ಹೊರ ವ್ಯಾಸ ಸುಮಾರು 668 ಮಿಲಿಮೀಟರ್. 235/75 ಅಂದರೆ ಸುಮಾರು 733. ಹತ್ತಿರ ಹತ್ತಿರ ಶೇಕಡಾ 10 ಜಾಸ್ತಿ. ಚಕ್ರ ಒಂದು ಸುತ್ತಿಗೆ ಶೇಕಡಾ 10ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರ್‌ಗೆ ಅದು ಗೊತ್ತೇ ಆಗುವುದಿಲ್ಲ. ಮೀಟರ್ 80,000 ಕಿಲೋಮೀಟರ್ ತೋರಿಸಿದರೆ, ಅಷ್ಟೂ ದೂರ ಈ ಟೈರಿನಲ್ಲೇ ಓಡಿದ್ದರೆ, ನಿಜವಾಗಿ ಓಡಿದ್ದು ಸುಮಾರು 88,000. ಮಾಲೀಕ ಮೀಟರ್ ಮುಟ್ಟಿಲ್ಲ, ಅವನು ಹೇಳುವುದು ಸತ್ಯವೇ. ಆದರೂ ಲೆಕ್ಕ ತಪ್ಪು. ವೇಗದ ಮುಳ್ಳಿನ ಕತೆಯೂ ಇದೇ.

ಇನ್ನೊಂದು ಪೆಟ್ಟು ಎಂಜಿನ್‌ಗೆ. ಇರುವುದೇ 1.3 ಲೀಟರಿನದು. ಟೈರ್ ದೊಡ್ಡದಾದರೆ ಎಲ್ಲ ಗೇರೂ ಅಷ್ಟರ ಮಟ್ಟಿಗೆ ಭಾರವಾಗುತ್ತದೆ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಹೋಗುತ್ತಿದ್ದ ಗಾಡಿ ಎರಡಕ್ಕೆ ಇಳಿಸಿ ಅನ್ನುತ್ತದೆ. ಎಂಜಿನ್ ಶಕ್ತಿಯನ್ನು ಹಿಂದೆ ಮುಂದಿನ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಗೇರ್ ಅನುಪಾತ ಬದಲಾಯಿಸಿದ್ದಾರಾ ಅಂತ ಕೇಳಬೇಕು. ಬದಲಾಯಿಸಿದ್ದರೆ ಬಿಲ್ ಕೇಳಬೇಕು.

ಹಾಗಂತ ದೊಡ್ಡ ಟೈರ್ ದಂಡ ಅಲ್ಲ. ಎರಡಿಂಚು ಲಿಫ್ಟ್ ಕಿಟ್ ಬಾಡಿಯನ್ನೂ ಚಾಸಿಸನ್ನೂ ಎತ್ತುತ್ತದೆ, ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಗುಂಡನ್ನು (ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರ್‌ಗಳ ಡಬ್ಬಿ) ಒಂದು ಮಿಲಿಮೀಟರೂ ಎತ್ತುವುದಿಲ್ಲ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಕಲ್ಲಿಗೆ ಮೊದಲು ಬಡಿಯುವುದೇ ಅದು. ಅದನ್ನು ಎತ್ತಲು ಟೈರ್ ಒಂದೇ ದಾರಿ. ಈ ಗಾಡಿಯಲ್ಲಿ ಹಾಗೆ ಸಿಕ್ಕಿದ್ದು ವ್ಯಾಸ ಹೆಚ್ಚಿದ್ದರ ಅರ್ಧ, ಸುಮಾರು 33 ಮಿಲಿಮೀಟರ್. ಎತ್ತರದ ಗಾಡಿ ಕಂಡು ಮರುಳಾಗುವವರು ಇದನ್ನು ಒಮ್ಮೆ ಬಗ್ಗಿ ನೋಡಬೇಕು.

ಲಿಫ್ಟ್ ಮಾಡಿದವರು ಕೆಲಸವನ್ನು ಪೂರ್ತಿ ಮಾಡಿದ್ದಾರಾ, ಅರ್ಧಕ್ಕೆ ಬಿಟ್ಟಿದ್ದಾರಾ ಅನ್ನುವುದೇ ನನ್ನ ದೊಡ್ಡ ಪ್ರಶ್ನೆ. ಸ್ಪ್ರಿಂಗ್ ಮತ್ತು ಶಾಕ್ ಬದಲಾಯಿಸುವುದು ಸುಲಭ. ಅದರಿಂದ ಕೆಡುವುದನ್ನು ಸರಿಮಾಡುವುದೇ ಕಷ್ಟ, ದುಬಾರಿ ಕೂಡ. ಆಕ್ಸಲ್ ಅಡ್ಡಡ್ಡ ಜರುಗದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಒಂದಿರುತ್ತದೆ. ಗಾಡಿ ಎತ್ತರಿಸಿದಾಗ ಅದು ಓರೆಯಾಗಿ ಆಕ್ಸಲನ್ನೇ ಒಂದು ಪಕ್ಕಕ್ಕೆ ಎಳೆಯುತ್ತದೆ. ಟೇಪ್ ಹಿಡಿದು ಎರಡೂ ಕಡೆ ಟೈರ್ ಎಷ್ಟು ಆಚೆ ಬಂದಿದೆ ಅಂತ ಅಳೆದೆ. ಎಡಕ್ಕೂ ಬಲಕ್ಕೂ ಬೆರಳಗಲ ವ್ಯತ್ಯಾಸ. ಉದ್ದ ಹೊಂದಿಸುವ ರಾಡ್ ಹಾಕಿರಲಿಲ್ಲ. ಮುಂದಿನ ಆಕ್ಸಲ್ ಕೂಡ ಲಿಫ್ಟ್‌ನಿಂದ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ, ಅಂದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಆಗ ಸ್ಟಿಯರಿಂಗ್ ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತದೆ. ಇದಕ್ಕೆ ಕೀಲಿನಲ್ಲಿ ಕೂರುವ ಬುಷ್ ಅಥವಾ ಆಕ್ಸಲನ್ನು ಚಾಸಿಸ್‌ಗೆ ಸೇರಿಸುವ ಆರ್ಮ್ ಬೇರೆಯದು ಹಾಕಬೇಕು. ಇಲ್ಲಿ ಅದೂ ಇರಲಿಲ್ಲ.

ಇದ್ದದ್ದು ಹೊಳೆಯುವ ಹೊಸ ಸ್ಟಿಯರಿಂಗ್ ಡ್ಯಾಂಪರ್, ಸ್ಟಿಯರಿಂಗ್‌ನ ಅದುರು ತಗ್ಗಿಸುವ ಶಾಕ್. ಸುತ್ತಲಿನ ಎಲ್ಲ ಭಾಗ ಹಳೆಯದು, ತುಕ್ಕು ಬಣ್ಣದ್ದು, ಅದೊಂದೇ ಹೊಸದು. ಗಟ್ಟಿ ಆಕ್ಸಲ್ ಗಾಡಿ ಓಡಿಸಿದವರಿಗೆ ಇದರ ಅರ್ಥ ಗೊತ್ತು. ಮುಂದಿನ ಚಕ್ರಗಳನ್ನು ಹಿಡಿದು ತಿರುಗಿಸುವ ಕಿಂಗ್‌ಪಿನ್ ಬೇರಿಂಗ್, ಬುಷ್, ಟೈ ರಾಡ್ ತುದಿಗಳು ಸವೆದಾಗ, ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಮುಂದಿನ ಚಕ್ರಗಳು ಗಡಗಡ ನಡುಗಲು ಶುರು. ಗಾಡಿ ನಿಧಾನ ಮಾಡದೆ ಅದು ನಿಲ್ಲುವುದಿಲ್ಲ. ಹೊಸ ಡ್ಯಾಂಪರ್ ಹಾಕಿದರೆ ಆ ನಡುಕ ಕೆಲವು ತಿಂಗಳು ಅಡಗಿರುತ್ತದೆ, ಅಷ್ಟರಲ್ಲಿ ಗಾಡಿ ಮಾರಿದರಾಯಿತು.

ಆಮೇಲೆ ಸ್ನಾರ್ಕೆಲ್. ತಮ್ಮನಿಗೆ ಬಹಳ ಇಷ್ಟವಾಗಿದ್ದು ಅದೇ. ಎಂಜಿನ್ ಸ್ಟಾರ್ಟ್ ಮಾಡಲು ಹೇಳಿ, ಬಾಗಿಲ ಮೆಟ್ಟಿಲ ಮೇಲೆ ಹತ್ತಿ, ಸ್ನಾರ್ಕೆಲ್ ಬಾಯಿಯನ್ನು ಎರಡೂ ಅಂಗೈಯಿಂದ ಬಿಗಿಯಾಗಿ ಮುಚ್ಚಿದೆ. ಸರಿಯಾಗಿ ಕೂರಿಸಿದ್ದರೆ ಎಂಜಿನ್‌ಗೆ ಗಾಳಿ ಸಿಗದೆ ಏದುಸಿರು ಬಿಟ್ಟು ನಿಂತುಹೋಗಬೇಕು. ಅಂಗೈಗೆ ಎಳೆತ ಗೊತ್ತಾಗಬೇಕು. ನನ್ನ ಕೈಗೆ ಏನೂ ಗೊತ್ತಾಗಲಿಲ್ಲ. ಎಂಜಿನ್ ಆರಾಮಾಗಿ ಓಡುತ್ತಲೇ ಇತ್ತು. ಬಾನೆಟ್ ಎತ್ತಿ ನೋಡಿದರೆ ಸ್ನಾರ್ಕೆಲ್ ಪೈಪು ಏರ್ ಫಿಲ್ಟರ್ ಡಬ್ಬಿಯ ಹತ್ತಿರದವರೆಗೆ ಬಂದು ಅಲ್ಲಿಗೇ ನಿಂತಿದೆ. ನಡುವೆ ಹೆಬ್ಬೆರಳು ತೂರುವಷ್ಟು ಜಾಗ. ಇದನ್ನು ನಂಬಿಕೊಂಡು ಯಾರಾದರೂ ಹೊಳೆ ದಾಟಿದರೆ ನೀರು ನೇರ ಸಿಲಿಂಡರ್‌ಗೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

‘ನೀರಿಗೆ ಇಳಿಸೇ ಇಲ್ಲ ಮೇಡಂ,’ ಅಂದ. ಮೊದಲ ಸಲ ನನ್ನ ಜೊತೆ ಮಾತಾಡಿದ್ದು ಆಗಲೇ.

ಇದಕ್ಕೆ ನನ್ನ ಹತ್ತಿರ ಒಂದು ಪರೀಕ್ಷೆ ಇದೆ. ಸೀಟ್ ಬೆಲ್ಟನ್ನು ನಿಧಾನವಾಗಿ ಕೊನೆಯವರೆಗೂ ಹೊರಗೆ ಎಳೆಯುವುದು. ಗಾಡಿ ತೊಳೆಯುವವರು ಕಾರ್ಪೆಟ್ ತೊಳೆಯುತ್ತಾರೆ, ಸೀಟ್ ತೊಳೆಯುತ್ತಾರೆ. ಸುರುಳಿಯ ಒಳಗಿರುವ ಬೆಲ್ಟನ್ನು ಯಾರೂ ಮುಟ್ಟುವುದಿಲ್ಲ. ಡ್ರೈವರ್ ಬದಿಯ ಬೆಲ್ಟ್ ಚೊಕ್ಕಟವಾಗಿ ಬಂತು. ಕೊನೆಯ ಒಂದಡಿಯಲ್ಲಿ ಬಣ್ಣ ಬದಲಾಯಿತು. ಬೂದು ಕಂದು ಗೆರೆ, ಅದರ ಕೆಳಗೆ ಬೆಲ್ಟ್ ರಟ್ಟಿನ ಹಾಗೆ ಬಿರುಸಾಗಿತ್ತು. ಉಗುರಿನಿಂದ ಕೆರೆದರೆ ನಯವಾದ ಮಣ್ಣು ಪುಡಿಪುಡಿಯಾಗಿ ಸೀಟಿನ ಮೇಲೆ ಉದುರಿತು. ತಮ್ಮ ಅದನ್ನೇ ನೋಡುತ್ತಾ ‘ಅಕ್ಕ, ಹೋಗೋಣ್ವಾ?’ ಅಂದ. ಲೈಟ್ ಬಾರ್ ವೈರಿಂಗ್ ಒಂದು ನೋಡಿಬಿಡೋಣ ಅಂತ ನೋಡಿದೆ. ಬ್ಯಾಟರಿಯಿಂದ ನೇರ ಸ್ವಿಚ್‌ಗೆ ವೈರ್. ಫ್ಯೂಸ್ ಇಲ್ಲ, ರಿಲೇ ಇಲ್ಲ. ತಗಡಿನ ತೂತಿನ ಒಳಗಿಂದ ರಬ್ಬರ್ ಕೂಡ ಇಲ್ಲದೆ ಹಾದುಹೋಗಿದೆ. ತಗಡಿನ ಅಂಚು ವೈರಿನ ಸಿಪ್ಪೆಯನ್ನು ಕೊಯ್ದ ದಿನ ಬೆಂಕಿ. ಹೊರಟೆವು.

ಎರಡನೇ ಗಾಡಿ ತಮ್ಮನಿಗೆ ನೋಡಿದ ತಕ್ಷಣ ಹಿಡಿಸಲಿಲ್ಲ. ಬಿಳಿ ಬಣ್ಣ ಮಾಸಿತ್ತು, ಬಾಗಿಲಿನ ಮೇಲೆ ಕೊಂಬೆ ಗೀರಿದ ಗೆರೆಗಳು. ವಿಂಚ್ ಇಲ್ಲ, ಲೈಟ್ ಬಾರ್ ಇಲ್ಲ. ಮಾಲೀಕರು ನಿವೃತ್ತರಾದ ಹಿರಿಯರು. ಮಾತು ಕಡಿಮೆ. ನಾನು ಕೆಳಗೆ ಮಲಗುತ್ತೇನೆ ಅಂದಾಗ ಒಂದು ರಟ್ಟು ತಂದು ಹಾಸಿ, ‘ತಲೆ ಜೋಪಾನ ಅಮ್ಮಾ’ ಅಂತ ಹೇಳಿ ಆಚೆ ನಿಂತರು.

ಕೆಳಗೆ ಕಪ್ಪು ಬಣ್ಣ ಬಳಿದಿರಲಿಲ್ಲ. ಇದೇ ನನಗೆ ಮೊದಲ ಸಮಾಧಾನ. ಮಾರುವ ಮುಂಚೆ ಚಾಸಿಸ್‌ಗೆ ಹೊಸ ಕಪ್ಪು ಬಣ್ಣ ಹೊಡೆಸಿದ್ದರೆ ಬಿರುಕು, ಹೊಸ ವೆಲ್ಡಿಂಗ್, ತುಕ್ಕು ಏನೂ ಕಾಣಿಸುವುದಿಲ್ಲ. ಇಲ್ಲಿ ಇದ್ದದ್ದೆಲ್ಲ ಕಾಣುತ್ತಿತ್ತು. ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ, ಆರ್ಮ್‌ಗಳು ಚಾಸಿಸ್‌ಗೆ ಸೇರುವ ಜಾಗ, ಎಲ್ಲ ಕಡೆ ಟಾರ್ಚ್ ಬಿಟ್ಟು ನೋಡಿದೆ. ಮೇಲ್ಮೈ ತುಕ್ಕು ಇತ್ತು, ಬಿರುಕು ಇರಲಿಲ್ಲ. ಬೋಲ್ಟ್‌ಗಳ ಮೇಲೆ ಹಳದಿ ಬಣ್ಣದ ಸಣ್ಣ ಗೆರೆ. ಬಿಗಿದ ಮೇಲೆ ಬೋಲ್ಟ್‌ಗೂ ಅದರ ಪಕ್ಕದ ಕಬ್ಬಿಣಕ್ಕೂ ಸೇರಿಸಿ ಎಳೆದದ್ದು. ಬೋಲ್ಟ್ ಸಡಿಲವಾದರೆ ಗೆರೆ ಮುರಿಯುತ್ತದೆ. ಒಂದೂ ಮುರಿದಿರಲಿಲ್ಲ. ಹೊಂದಿಸುವ ಪ್ಯಾನ್‌ಹಾರ್ಡ್ ರಾಡ್ ಇತ್ತು, ಕ್ಯಾಸ್ಟರ್ ಬುಷ್ ಇತ್ತು, ಬ್ರೇಕ್‌ನ ರಬ್ಬರ್ ಪೈಪ್‌ಗಳನ್ನೂ ಉದ್ದದ್ದು ಹಾಕಿದ್ದರು. ಜಾಕ್ ಹಾಕಿ ಚಕ್ರ ಪೂರ್ತಿ ಕೆಳಗೆ ಜೋತುಬಿದ್ದರೂ ಪೈಪ್ ಬಿಗಿಯಾಗಲಿಲ್ಲ.

ಹಿಂದಿನ ಬ್ರೇಕ್ ಬಗ್ಗೆ ಕೇಳಿದೆ. ಹಿಂದೆ ಎಷ್ಟು ಭಾರ ಇದೆ ಅಂತ ನೋಡಿ ಬ್ರೇಕ್ ಒತ್ತಡ ಹಂಚುವ ಪುಟ್ಟ ವಾಲ್ವ್ ಒಂದು ಅನೇಕ ಹಳೆ ಗಾಡಿಗಳಲ್ಲಿ ಇರುತ್ತದೆ. ಲಿಫ್ಟ್ ಮಾಡಿದರೆ ಗಾಡಿ ಖಾಲಿ ಇದೆ ಅಂತ ತಿಳಿದು ಅದು ಹಿಂದಿನ ಬ್ರೇಕನ್ನು ಸದಾ ಕಡಿಮೆ ಮಾಡಿಬಿಡುತ್ತದೆ. ಅವರು ‘ಅದರ ಕಡ್ಡಿಗೆ ಬ್ರಾಕೆಟ್ ಮಾಡಿಸಿದ್ದೀನಿ’ ಅಂದರು. ತೋರಿಸಿದರು ಕೂಡ. ಇಷ್ಟು ಸಣ್ಣ ವಿಷಯ ನೆನಪಿಟ್ಟು ಮಾಡಿದವರು ದೊಡ್ಡದರಲ್ಲಿ ಮೈಗಳ್ಳತನ ಮಾಡಿರಲಾರರು ಅಂತ ನನ್ನ ಲೆಕ್ಕ.

ಡಿಫರೆನ್ಷಿಯಲ್ ಪ್ಲಗ್ ಬಿಚ್ಚಿಸಿ ಬೆರಳು ಹಾಕಿ ನೋಡಿದೆ. ನೀರು ಹೋಗಿದ್ದರೆ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲಿ ಕಪ್ಪಾಗಿತ್ತು, ಹಳೆಯದು ಅಷ್ಟೇ. ಆಕ್ಸಲ್ ಒಳಗೆ ಗಾಳಿ ಆಡಲು ಇರುವ ಬ್ರೀದರ್ ಪೈಪುಗಳನ್ನು ಎಂಜಿನ್ ಎತ್ತರಕ್ಕೆ ಎಳೆದು ಕಟ್ಟಿದ್ದರು. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಎಲ್ಲಿಂದಲಾದರೂ ಎಳೆದುಕೊಳ್ಳುತ್ತದೆ. ಬ್ರೀದರ್ ಮೇಲಿದ್ದರೆ ಗಾಳಿ ಬರುತ್ತದೆ, ಕೆಳಗಿದ್ದರೆ ನೀರು ಬರುತ್ತದೆ.

ಫೋರ್ ವೀಲ್ ಡ್ರೈವ್ ಪರೀಕ್ಷೆಗೆ ಸಡಿಲ ಮಣ್ಣಿನ ಜಾಗ ಹುಡುಕಿ ಹೋದೆವು. ಒಣ ಡಾಂಬರಿನ ಮೇಲೆ ಮಾಡಬಾರದು. ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲದ ಗಾಡಿ ಇದು, ಹಿಂದೆ ಮುಂದಿನ ಚಕ್ರಗಳು ಜಗ್ಗಾಡಿ ಗೇರ್ ಹಾಳಾಗುತ್ತದೆ. ಮಣ್ಣಿನ ಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಬಿಟ್ಟರೆ ಗಾಡಿ ಬಿಗಿಹಿಡಿದು ತಳ್ಳಿದ ಹಾಗೆ ಆಗಬೇಕು. ಹಾಯಾಗಿ ತಿರುಗಿದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗಿಲ್ಲ ಅಂತ. ನಮ್ಮದು ಹಾಯಾಗಿ ತಿರುಗಿತು. ಈ ಗಾಡಿಯಲ್ಲಿ ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಹಬ್‌ಗಳು ವ್ಯಾಕ್ಯೂಮ್‌ನಿಂದ (ಗಾಳಿಯ ಎಳೆತದಿಂದ) ಕೂಡಿಕೊಳ್ಳುತ್ತವೆ, ವಯಸ್ಸಾದ ಹಾಗೆ ರಬ್ಬರ್ ಪೈಪು ಬಿರಿಯುತ್ತದೆ. ಹುಡುಕಿದರೆ ಎಡ ಚಕ್ರದ ಹತ್ತಿರ ಸಿಕ್ಕಿತು. ಹಿರಿಯರಿಗೆ ನಿಜವಾಗಿ ಬೇಸರವಾಯಿತು. ಅವರು ಇತ್ತೀಚೆಗೆ ಮಣ್ಣಿಗೇ ಇಳಿಸಿರಲಿಲ್ಲ.

ಬೆಲೆ ಮಾತಿಗೆ ಕೂತಾಗ ಒಂದು ನೋಟ್‌ಬುಕ್ ತಂದರು. ಹಾಕಿದ ಪ್ರತಿ ಭಾಗ, ತಾರೀಖು, ಆಗ ಮೀಟರ್ ಎಷ್ಟಿತ್ತು, ಎಲ್ಲ ಬರೆದಿಟ್ಟಿದ್ದರು. 215/75 ಟೈರ್ ಹಾಕಿದ ದಿನವೂ ಇತ್ತು. ಅದು ಮೂಲಕ್ಕಿಂತ ಶೇಕಡಾ 5ರಷ್ಟು ದೊಡ್ಡದು. ಹಾಗಾಗಿ ನಿಜವಾದ ಕಿಲೋಮೀಟರ್ ಎಷ್ಟು ಅಂತ ಕೂತಲ್ಲೇ ಲೆಕ್ಕ ಹಾಕಿದೆ. ಮೂಲ ಸ್ಪ್ರಿಂಗ್‌ಗಳೂ ಮನೆಯಲ್ಲೇ ಇದ್ದವು. ಅವನ್ನೂ ಕೊಟ್ಟರು. ಲಿಫ್ಟ್‌ಗೆ ಅಂತ ಪ್ರತ್ಯೇಕ ದುಡ್ಡು ಕೇಳಲಿಲ್ಲ. ಮೊದಲನೆಯವನು ಪ್ರತಿ ಲೈಟಿಗೂ ಖರ್ಚು ಕೂಡಿಸಿ ಹೇಳಿದ್ದ. ಅವನ ಹವ್ಯಾಸದ ಖರ್ಚು ನಾನೇಕೆ ಕೊಡಲಿ, ಅಲ್ವಾ?

ಗಾಡಿ ತಂದ ಮೇಲೆ ಎಲ್ಲ ಎಣ್ಣೆ ಬದಲಾಯಿಸಿದೆ, ವ್ಯಾಕ್ಯೂಮ್ ಪೈಪು ಹಾಕಿಸಿದೆ. ಗಾಡಿ ಎತ್ತರವಾದಾಗ ಹೆಡ್‌ಲೈಟೂ ಮೇಲೆ ನೋಡುತ್ತಿತ್ತು, ಅದನ್ನು ಯಾರೂ ಇಳಿಸಿರಲಿಲ್ಲ, ಇಳಿಸಿದೆ. ವಿಮೆಯವರಿಗೆ ಲಿಫ್ಟ್, ಟೈರ್ ಎರಡನ್ನೂ ಲಿಖಿತವಾಗಿ ತಿಳಿಸಿದ್ದೇನೆ. ಹೇಳದೆ ಇಟ್ಟ ಮಾಡಿಫಿಕೇಶನ್ ಅಪಘಾತವಾದ ದಿನ ಕ್ಲೇಮ್ ತಳ್ಳಿಹಾಕಲು ಅವರಿಗೆ ಒಳ್ಳೆಯ ಕಾರಣ. ತಮ್ಮ ಒಂದು ಲೈಟ್ ಬಾರ್ ಕೊಡಿಸುತ್ತೇನೆ ಅಂತ ಹಿಂದೆ ಬಿದ್ದಿದ್ದಾನೆ. ಫ್ಯೂಸ್, ರಿಲೇ ಜೊತೆಗೆ ತಂದರೆ ಯೋಚಿಸೋಣ ಅಂದಿದ್ದೇನೆ. ನೋಂದಣಿ ಪತ್ರದಲ್ಲಿ ಬದಲಾವಣೆ ಸೇರಿಸುವ ಅರ್ಜಿ ಇನ್ನೂ ಬಾಕಿ ಇದೆ, ಮುಂದಿನ ವಾರ ಅದು.